ಯಾರದೂ ಅಲ್ಲದ ವೈರು

ಆಸ್ಪತ್ರೆಯ ಉಗ್ರಾಣಿ ಇಂಜಿನಿಯರ್ ಆದದ್ದು ಒಂದು ಕೊಡೆಯ ದೆಸೆಯಿಂದ.

ಹೊದಿಕೆ, ದಿಂಬು, ಕೈಗವಸು, ಥರ್ಮಾಮೀಟರುಗಳನ್ನು ಎಣಿಸಿ ಕೊಡುವುದು, ಎಣಿಸಿ ವಾಪಸ್ ತೆಗೆದುಕೊಳ್ಳುವುದು ಇಪ್ಪತ್ತೆರಡು ವರ್ಷದಿಂದ ಅವನ ಕೆಲಸ. ನೆಲಮಹಡಿಯ ಮೆಟ್ಟಿಲ ಕೆಳಗೆ ಒಂದು ಕಬ್ಬಿಣದ ಬೀರು ಇತ್ತು. ಅದರಲ್ಲಿ ರೂಟರ್ ಎಂಬ ಕಪ್ಪು ಡಬ್ಬಿ, ಅಲ್ಲಿಂದ ಹೊರಟು ಮೂರು ಮಹಡಿಗೂ ಹಬ್ಬಿದ ನಲವತ್ತು ನೀಲಿ ವೈರುಗಳು ಮತ್ತು ಉಗ್ರಾಣಿಯ ಕೊಡೆ, ಇಷ್ಟೂ ಅನ್ಯೋನ್ಯವಾಗಿ ವಾಸವಾಗಿದ್ದವು. ಒಂದು ಮಧ್ಯಾಹ್ನ ಆಸ್ಪತ್ರೆಯ ಕಂಪ್ಯೂಟರುಗಳೆಲ್ಲ ಒಟ್ಟಿಗೆ ಮುಷ್ಕರ ಹೂಡಿದ್ದಾಗ, ಊಟಕ್ಕೆ ಹೊರಟ ಉಗ್ರಾಣಿ ಬೀರುವಿನಿಂದ ಕೊಡೆ ಎಳೆದುಕೊಂಡ. ಹಿಡಿ ಸ್ವಿಚ್ಚಿಗೆ ತಗುಲಿ ಡಬ್ಬಿಯ ದೀಪಗಳೆಲ್ಲ ಆರಿದವು. ಅವನು ಬೆವತುಹೋಗಿ ಸ್ವಿಚ್ಚನ್ನು ಮತ್ತೆ ಹಾಕಿದ. ಎರಡೇ ನಿಮಿಷ, ಇಡೀ ಆಸ್ಪತ್ರೆಯ ಕಂಪ್ಯೂಟರುಗಳಿಗೆ ಜೀವ ಬಂತು.

ಸರಿಮಾಡಿದವರು ಯಾರೆಂದು ಹುಡುಕಿಕೊಂಡು ಬಂದ ದೊಡ್ಡ ಡಾಕ್ಟರಿಗೆ ಕಂಡದ್ದು, ತೆರೆದ ಬೀರುವಿನ ಮುಂದೆ ಕೊಡೆ ಹಿಡಿದು ಗಂಭೀರವಾಗಿ ನಿಂತ ಉಗ್ರಾಣಿ. ಗಾಬರಿಯಾದಾಗ ಅವನ ಮುಖ ಗಂಭೀರವಾಗಿ ಕಾಣುತ್ತಿತ್ತು. ಆ ಮುಖ ಅವನನ್ನು ಎಷ್ಟೋ ಕಡೆ ಉಳಿಸಿತ್ತು.

“ನೀವೇನ್ರೀ ಮಾಡಿದ್ದು?”

ಉಗ್ರಾಣಿ ಇಲ್ಲವೆನ್ನಲಿಲ್ಲ. ಹೌದೆಂದೂ ಅನ್ನಲಿಲ್ಲ. “ಸ್ವಲ್ಪ ಲೂಸ್ ಆಗಿತ್ತು ಸಾರ್” ಎಂದ.

ಅಂದಿನಿಂದ ಔಷಧಿ ಅಂಗಡಿಯವನು, ಲ್ಯಾಬಿನವಳು, ಕೊನೆಗೆ ಕಸ ಗುಡಿಸುವ ಹೆಂಗಸು ಕೂಡ ಅವನನ್ನು ‘ಇಂಜಿನಿಯರ್ರೇ’ ಎಂದು ಕರೆಯತೊಡಗಿದರು. ಮೊದಮೊದಲು ತಮಾಷೆಗೆ. ಕ್ರಮೇಣ ಅವನು ಆ ಹೆಸರಿಗೆ ತಿರುಗಿ ನೋಡತೊಡಗಿದ. ಮೇಲಿನ ಜೇಬಿನಲ್ಲಿ ಒಂದು ಸ್ಕ್ರೂಡ್ರೈವರೂ ಬಂದು ಕೂತಿತು. ಅದರಿಂದ ಅವನು ಒಂದು ಸ್ಕ್ರೂ ತಿರುಗಿಸಿದ್ದನ್ನೂ ಯಾರೂ ಕಂಡಿಲ್ಲ.

ಹೀಗಿರುವಾಗ ಅವನ ಅಕ್ಕನಿಗೆ ಉಸಿರಿನ ತೊಂದರೆ ಹೆಚ್ಚಾಯಿತು.

ಅಕ್ಕ ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು. ತಾಯಿ ತೀರಿಕೊಂಡ ಮೇಲೆ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು. ಮನೆಯಲ್ಲಿ ಈಗ ಇಬ್ಬರೇ. ಆಕೆ ಕೂಗುವ ಜಾತಿಯವಳಲ್ಲ. ಒಮ್ಮೆ ಬಸ್ಸಿನ ಬಾಗಿಲಿಗೆ ಬೆರಳು ಸಿಕ್ಕಿಕೊಂಡಾಗ, ಪಾಪ ಡ್ರೈವರಿಗೆ ಯಾಕೆ ತೊಂದರೆ ಎಂದು ಮುಂದಿನ ನಿಲ್ದಾಣ ಬರುವವರೆಗೂ ನಗುತ್ತ ನಿಂತಿದ್ದವಳು. ಹಲ್ಲು ಕೀಳಿಸಿಕೊಂಡಾಗ ಡಾಕ್ಟರು ತಪ್ಪಿ ಪಕ್ಕದ ಹಲ್ಲು ಕಿತ್ತರೂ “ಪರವಾಗಿಲ್ಲ ಬಿಡಿ, ಅದೂ ಹಳೇದೇ” ಎಂದು ಅವರನ್ನೇ ಸಮಾಧಾನ ಮಾಡಿ ಬಂದವಳು.

ಅವಳನ್ನು ಮೂರನೇ ಮಹಡಿಯಲ್ಲಿ ಸೇರಿಸಿಕೊಂಡರು. ಉಗ್ರಾಣಿ ತನ್ನ ಪ್ರಭಾವವನ್ನೆಲ್ಲ ಸುರಿದು, ಒಂದು ಕಾಲಕ್ಕೆ ತನ್ನದೇ ಹೊದಿಕೆಗಳ ಉಗ್ರಾಣವಾಗಿದ್ದ ಕೊನೆಯ ಕೋಣೆಯನ್ನು ಕೊಡಿಸಿದ. ದೊಡ್ಡ ಕಿಟಕಿ, ಗಾಳಿ ಬೆಳಕು, ಗಲಾಟೆಯಿಲ್ಲ. ಇದ್ದ ಕೊರತೆ ಒಂದೇ. ಮಿಕ್ಕ ಕೋಣೆಗಳಲ್ಲಿ ಹಾಸಿಗೆಯ ಪಕ್ಕದ ಗುಂಡಿ ಒತ್ತಿದರೆ ನರ್ಸಿನ ಮೇಜಿನ ಮೇಲಿನ ಪರದೆಯಲ್ಲಿ ಗಂಟೆ ಬಾರಿಸುತ್ತಿತ್ತು. ಈ ಕೋಣೆಗೆ ಆ ಸೌಲಭ್ಯ ತಲುಪಿರಲಿಲ್ಲ. ಹಿರಿಯ ನರ್ಸು ಖಡಾಖಂಡಿತವಾಗಿ ಹೇಳಿದರು: “ಇವರು ಒಬ್ಬರೇ ಏಳೋ ಹಾಗೇ ಇಲ್ಲ. ತಲೆ ಸುತ್ತಿ ಬಿದ್ದರೆ ಯಾರ್ರೀ ಜವಾಬ್ದಾರಿ? ಬೆಲ್ ಇಲ್ಲದೆ ಈ ಕೋಣೆ ಕೊಡಲ್ಲ.”

ಇಂಜಿನಿಯರ್ ಎನಿಸಿಕೊಂಡವನು ಅಕ್ಕನಿಗೊಂದು ಬೆಲ್ ಹಾಕಿಸಲಾರನೇ? ಉಗ್ರಾಣದ ಮೂಲೆಯಲ್ಲಿ ಮೂರು ವರ್ಷದಿಂದ ಪೊಟ್ಟಣ ಬಿಚ್ಚದೆ ಬಿದ್ದಿದ್ದ ಇನ್ನೊಂದು ರೂಟರ್ ಇತ್ತು, ಕೆಳಗಿನದರ ಅವಳಿಯಂತಿತ್ತು. ಎಲೆಕ್ಟ್ರಿಷಿಯನ್ನಿಗೆ ಎರಡು ಸಲ ಚಹಾ ಕುಡಿಸಿ, ಕೆಳಗಿನ ಬೀರುವಿನಿಂದ ಕೊನೆಯ ಕೋಣೆಯವರೆಗೆ ಒಂದು ನೀಲಿ ವೈರು ಎಳೆಸಿದ. ಅದರ ಕೆಳಗಿನ ತುದಿಯನ್ನು ನಲವತ್ತರ ನಡುವೆ ಎಲ್ಲೋ ಚುಚ್ಚಿದ್ದು ಎಲೆಕ್ಟ್ರಿಷಿಯನ್ನೇ. ಡಬ್ಬಿಯನ್ನು ಗೋಡೆಯ ಹಲಗೆಯ ಮೇಲಿಟ್ಟು ವೈರು ಚುಚ್ಚಿದ, ಬೆಲ್ಲನ್ನು ಅದಕ್ಕೆ ಸೇರಿಸಿದ. ಹಸಿರು ದೀಪಗಳು ಕಣ್ಣು ಮಿಟುಕಿಸಿದವು. ಅಕ್ಕ ಗುಂಡಿ ಒತ್ತಿದಳು, ಆ ತುದಿಯಲ್ಲಿ ನರ್ಸಿನ ಮೇಜಿನ ಮೇಲೆ ಗಂಟೆ ಬಾರಿಸಿತು.

“ನೀನೇ ಮಾಡಿದ್ಯಾ?” ಎಂದಳು ಅಕ್ಕ.

“ಹೂಂ” ಎಂದ. ಜೀವಮಾನದಲ್ಲಿ ಮೊದಲ ಸಲ ಅವನು ನಿಜವಾಗಿಯೂ ಇಂಜಿನಿಯರ್ ಆಗಿದ್ದ.

ಮರುದಿನದಿಂದ ಆಸ್ಪತ್ರೆಗೆ ಹುಚ್ಚು ಹಿಡಿಯಿತು. ಲ್ಯಾಬಿನವಳು ಕಳಿಸಿದ ವರದಿಗಳು ಯಾವ ಕಡೆಗೂ ಹೋಗಿ ಸೇರದೆ ಮಾಯವಾದವು. ಔಷಧಿ ಅಂಗಡಿಯ ಕಂಪ್ಯೂಟರು ಹತ್ತು ನಿಮಿಷ ಕೆಲಸ ಮಾಡಿ ಇಪ್ಪತ್ತು ನಿಮಿಷ ನಿದ್ದೆ ಹೋಯಿತು. ಎಕ್ಸ್‌ರೇ ಚಿತ್ರವೊಂದು ದೊಡ್ಡ ಡಾಕ್ಟರ ಪರದೆಯ ಮೇಲೆ ಸೊಂಟದವರೆಗೆ ಇಳಿದು ನಿಂತುಬಿಟ್ಟಿತು. ಅರ್ಧ ಗಂಟೆ ಕಾದ ದೊಡ್ಡ ಡಾಕ್ಟರು ಫೋನೆತ್ತಿ, “ಮಿಕ್ಕ ಮನುಷ್ಯ ಇವತ್ತು ಬರ್ತಾನೋ ನಾಳೆ ಬರ್ತಾನೋ?” ಎಂದು ಗುಡುಗಿದರು.

ಇಂಥ ವೇಳೆಗೆ ಯಾರನ್ನು ಕರೆಯಬೇಕೆಂದು ಎಲ್ಲರಿಗೂ ಗೊತ್ತಿತ್ತು. ಉಗ್ರಾಣಿ ಸ್ಕ್ರೂಡ್ರೈವರ್ ಸಮೇತ ಹಾಜರಾದ, ಸ್ವಿಚ್ಚು ಆರಿಸಿ ಹಾಕಿದ. ಕೊಡೆಯ ಹಿಡಿಯಿಂದಲೂ ಒಮ್ಮೆ ಆರಿಸಿ ನೋಡಿದ, ಮೊದಲ ಸಲ ಕೆಲಸ ಮಾಡಿದ್ದು ಅದೇ ತಾನೇ. ಏನೂ ಪ್ರಯೋಜನವಾಗಲಿಲ್ಲ.

ಕೊನೆಗೆ ರೂಟರ್ ಕಂಪನಿಗೆ ಫೋನ್ ಮಾಡಿದ. ಆ ಕಡೆಯವನು ತಾಳ್ಮೆಯ ಮನುಷ್ಯ. ಲಕ್ಷಣವೆಲ್ಲ ಕೇಳಿ, “ನಿಮ್ಮಲ್ಲಿ ಎರಡು ರೂಟರ್ ಇದೆಯಾ ಸಾರ್?” ಎಂದ.

“ಇಲ್ಲಪ್ಪ. ಒಂದೇ.”

ಇದು ಸುಳ್ಳಲ್ಲ. ಉಗ್ರಾಣಿಯ ಮನಸ್ಸಿನಲ್ಲಿ ರೂಟರ್ ಎಂದರೆ ಕೆಳಗಿನ ಬೀರುವಿನಲ್ಲಿರುವುದು. ಮೇಲಿರುವುದು ಅಕ್ಕನ ಬೆಲ್ಲಿನ ಡಬ್ಬಿ.

“ಚೆನ್ನಾಗಿ ಯೋಚನೆ ಮಾಡಿ ಸಾರ್. ಒಂದೇ ಥರದ ಎರಡಿದ್ರೆ ಎರಡಕ್ಕೂ ಫ್ಯಾಕ್ಟರಿಯಲ್ಲೇ ಒಂದೇ ನಂಬರ್ ಕೊಟ್ಟಿರ್ತಾರೆ. ಒಂದೇ ಬೀದೀಲಿ ಎರಡು ಮನೆಗೆ ಒಂದೇ ಡೋರ್ ನಂಬರ್ ಇದ್ದ ಹಾಗೆ. ಪೋಸ್ಟ್‌ಮ್ಯಾನ್ ಏನ್ ಮಾಡಬೇಕು? ಒಂದರ ನಂಬರ್ ಬದಲಾಯಿಸಿದ್ರೆ ಆಯ್ತು, ಐದು ನಿಮಿಷದ ಕೆಲಸ.”

ಉಗ್ರಾಣಿ ಇದನ್ನೆಲ್ಲ ಪುಸ್ತಕದಲ್ಲಿ ನೀಟಾಗಿ ಬರೆದುಕೊಂಡ. ಕೆಳಗೆ ಗೆರೆ ಎಳೆದು, ‘ನಮಗೆ ಅನ್ವಯಿಸುವುದಿಲ್ಲ’ ಎಂದು ಷರಾ ಹಾಕಿದ.

“ಹಾಗಾದ್ರೆ ಒಂದು ಕೆಲಸ ಮಾಡಿ” ಎಂದ ಕಂಪನಿಯವನು, ಸೋತ ದನಿಯಲ್ಲಿ. “ಒಂದೊಂದೇ ವೈರ್ ಕಿತ್ತು ನೋಡಿ. ಕಿತ್ತಾಗ ಯಾರು ಕೂಗ್ತಾರೋ ಅದು ಅವರ ವೈರು, ಹೆಸರು ಬರೆದು ವಾಪಸ್ ಹಾಕಿ. ಯಾವುದನ್ನ ಕಿತ್ತಾಗ ಎಲ್ಲಾ ಸರಿ ಹೋಗುತ್ತೋ, ತೊಂದರೆ ಅಲ್ಲಿದೆ. ಅದು ಎಲ್ಲಿಗೆ ಹೋಗುತ್ತೆ ಅಂತ ಹೋಗಿ ನೋಡಿ.”

ಉಗ್ರಾಣಿ ಕೊನೆಯ ವಾಕ್ಯ ಬಿಟ್ಟು ಮಿಕ್ಕದ್ದನ್ನು ಬರೆದುಕೊಂಡ. ಪುಟ ಮುಗಿದಿತ್ತು.

ಅಷ್ಟರಲ್ಲಿ ಆಸ್ಪತ್ರೆಯ ತಪಾಸಣೆಗೆ ಮೇಲಿನವರ ತಂಡ ಬರುವ ದಿನವೂ ಬಂತು. ದೊಡ್ಡ ಡಾಕ್ಟರು ಅವನನ್ನು ಕರೆದು, “ಎರಡು ಗಂಟೆಗೆ ಅವರು ಬರ್ತಾರೆ. ಅಷ್ಟರೊಳಗೆ ಸರಿಯಾಗಬೇಕು. ಆಮೇಲೂ ನನ್ನ ಕಿವಿಗೆ ಯಾರ ಕೂಗಾದ್ರೂ ಬಿತ್ತೋ, ನೀವು ವಾಪಸ್ ದಿಂಬು ಎಣಿಸೋಕೆ ಹೋಗಿ” ಎಂದರು. ಅವನು ದಿಂಬು ಎಣಿಸುವುದನ್ನು ಬಿಟ್ಟೇ ಇರಲಿಲ್ಲ, ಆದರೂ ಮಾತು ಎದೆಗೆ ನಾಟಿತು.

ಬೆಳಿಗ್ಗೆ ಅಕ್ಕನಿಗೆ ತಿಂಡಿ ತಿನ್ನಿಸುವಾಗ ಅದನ್ನೇ ಹೇಳಿಕೊಂಡ.

“ಇವತ್ತು ವೈರೆಲ್ಲ ಕಿತ್ತು ನೋಡ್ತೀನಿ ಕಣಕ್ಕ. ಎಲ್ಲಾರೂ ಕೂಗ್ತಾರೆ. ಕೂಗಾಟ ಜಾಸ್ತಿ ಆದ್ರೆ ದೊಡ್ಡ ಡಾಕ್ಟರು ನನ್ನ ಮಾನ ಕಳೀತಾರೆ.”

“ಎಷ್ಟು ಜನ ಕೂಗ್ತಾರೋ?”

“ಇರೋ ಬರೋರೆಲ್ಲ. ಒಬ್ಬರಾದ್ರೂ ಬಾಯಿ ಮುಚ್ಕೊಂಡಿದ್ರೆ ಅಷ್ಟೇ ಪುಣ್ಯ.”

ಅಕ್ಕ ಅದನ್ನು ಮನಸ್ಸಿನಲ್ಲಿಟ್ಟುಕೊಂಡಂತೆ ತಲೆಯಾಡಿಸಿದಳು. ಅವನು ಬೆಲ್ಲಿನ ಗುಂಡಿಯನ್ನು ಅವಳ ಕೈಗೆ ಕೊಟ್ಟು, “ಏನು ಬೇಕಾದ್ರೂ ಇದನ್ನ ಒತ್ತು. ಒಬ್ಬಳೇ ಏಳಬೇಡ, ನನ್ನಾಣೆ” ಎಂದು ಹೇಳಿ ಕೆಳಗಿಳಿದ.

ಹತ್ತು ಗಂಟೆಗೆ ಕಾರ್ಯಾಚರಣೆ ಶುರುವಾಯಿತು. ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿಯ ಸುರುಳಿ, ಪೆನ್ನು, ಸ್ಟೂಲು. ಮೊದಲ ವೈರು ಕಿತ್ತ. “ಅಯ್ಯೋ, ನನ್ನ ರಿಪೋರ್ಟು!” ಎಂದು ಲ್ಯಾಬಿನವಳು ಕಿರುಚಿದಳು. ಪಟ್ಟಿ ಹರಿದು ‘ಲ್ಯಾಬ್’ ಎಂದು ಬರೆದು ವೈರಿಗೆ ಅಂಟಿಸಿ ವಾಪಸ್ ಚುಚ್ಚಿದ. ಎರಡನೆಯದಕ್ಕೆ ಔಷಧಿ ಅಂಗಡಿಯವನು ಗಿರಾಕಿಯ ಮೇಲೆ ಕೂಗಾಡಿದ, ಗಿರಾಕಿ ಅವನ ಮೇಲೆ ಕೂಗಾಡಿದ. ‘ಔಷಧಿ’ ಎಂದು ಬರೆದ. ಒಂದು ವೈರಿಗೆ ಮೊದಲನೇ ಮಹಡಿಯ ಬೆಲ್ಲುಗಳು ನಿಂತು ನರ್ಸುಗಳು ಮೆಟ್ಟಿಲ ತನಕ ಓಡಿಬಂದರು, ರೋಗಿಗಳ ಕಡೆಯವರು ಅವರ ಹಿಂದೆ ಓಡಿಬಂದರು. ಹದಿನಾಲ್ಕನೆಯದಕ್ಕೆ ಬಂದ ಮಾತುಗಳನ್ನು ಪಟ್ಟಿಯ ಮೇಲೆ ಬರೆಯುವಂತಿರಲಿಲ್ಲ. ‘ದೊಡ್ಡ ಡಾಕ್ಟರು’ ಎಂದಷ್ಟೇ ಬರೆದ.

ಇಪ್ಪತ್ತೇಳನೇ ವೈರು ಕಿತ್ತಾಗ ಹನ್ನೊಂದೂಕಾಲು. ಯಾರೂ ಕೂಗಲಿಲ್ಲ.

ಉಗ್ರಾಣಿ ಕಾದ. ಕಿವಿಗೆ ಕೈ ಹಚ್ಚಿ ಕಾದ. ಆಮೇಲೆ ಒಂದು ಪವಾಡ ನಡೆಯಿತು. ಔಷಧಿ ಅಂಗಡಿಯ ಪ್ರಿಂಟರು ಒಂದೇ ಸಮನೆ ಬಿಲ್ಲು ಉಗುಳತೊಡಗಿತು. ಲ್ಯಾಬಿನವಳು “ಹೋಯ್ತು, ಹೋಯ್ತು, ಎಲ್ಲಾ ಹೋಯ್ತು!” ಎಂದು ಖುಷಿಯಿಂದ ಚಪ್ಪಾಳೆ ತಟ್ಟಿದಳು. ದೊಡ್ಡ ಡಾಕ್ಟರ ಪರದೆಯ ಮೇಲೆ ಎಕ್ಸ್‌ರೇ ಮನುಷ್ಯ ಪಾದದವರೆಗೆ ಇಳಿದು ಬಂದ.

ಉಗ್ರಾಣಿ ಆ ವೈರಿನ ತುದಿಗೆ ಪಟ್ಟಿ ಅಂಟಿಸಿ, ಒಳ್ಳೆಯ ಅಕ್ಷರದಲ್ಲಿ ‘ಯಾರದೂ ಅಲ್ಲ’ ಎಂದು ಬರೆದು, ಸುತ್ತಿ, ಕೊಡೆಯ ಪಕ್ಕದಲ್ಲಿ ನೇತುಹಾಕಿದ.

ಆಮೇಲಿನದು ಬರೀ ಮೆರವಣಿಗೆ. ದೊಡ್ಡ ಡಾಕ್ಟರು ತಾವೇ ಬಂದು ಬೆನ್ನು ತಟ್ಟಿದರು. “ಕಂಪನಿಯವರಿಗೂ ಆಗದ್ದು ಕಣ್ರೀ!” ಔಷಧಿ ಅಂಗಡಿಯವನು ಶೀತದ ಮಾತ್ರೆಯ ಪಟ್ಟಿಯೊಂದನ್ನು ಪುಕ್ಕಟೆ ಕೊಟ್ಟ. ಉಗ್ರಾಣಿಗೆ ಶೀತವಿರಲಿಲ್ಲ, ಆದರೂ ಸನ್ಮಾನವೆಂದು ತೆಗೆದುಕೊಂಡ. ಲೂಸ್ ಆಗಿದ್ದದ್ದು ಏನು, ಬಿಗಿ ಮಾಡಿದ್ದು ಹೇಗೆ ಎಂದು ಕೇಳಿದವರಿಗೆಲ್ಲ ವಿವರಿಸಿದ.

ಮುಕ್ಕಾಲು ಗಂಟೆ ವಿವರಿಸಿದ ಮೇಲೆ ಅಕ್ಕನಿಗೂ ಸುದ್ದಿ ಹೇಳೋಣವೆಂದು ಮೂರನೇ ಮಹಡಿಗೆ ಹತ್ತಿದ. ಹಿರಿಯ ನರ್ಸು ಎದುರಾದರು.

“ನಿಮ್ಮಕ್ಕ ಬಂಗಾರ ಕಣ್ರೀ. ಬೆಳಿಗ್ಗೆ ಒಂದು ಸಲ ಒತ್ತಿದ್ದು, ಆಮೇಲೆ ಸದ್ದೇ ಇಲ್ಲ. ಆರನೇ ಕೋಣೆಯವರು ನೋಡಿ, ಫ್ಯಾನ್ ಜೋರು ಮಾಡಿ ಅಂತ ಒಂದು ಬೆಲ್, ಕಡಿಮೆ ಮಾಡಿ ಅಂತ ಒಂದು ಬೆಲ್. ಇಂಥ ಪೇಷೆಂಟು ಹತ್ತು ಜನ ಇದ್ರೆ ನಮಗೆ ಕೆಲಸವೇ ಇಲ್ಲ.”

ಉಗ್ರಾಣಿ ಹಿಗ್ಗಿದ. “ನಮ್ಮಕ್ಕ ಯಾವಾಗ್ಲೂ ಹಾಗೇ ಸಿಸ್ಟರ್” ಎಂದ. ಕೊನೆಯ ಕೋಣೆಯ ಬಾಗಿಲ ಗಾಜಿನಲ್ಲಿ ಇಣುಕಿ ನೋಡಿದ. ಅಕ್ಕ ದಿಂಬಿಗೆ ಒರಗಿ ಕಿಟಕಿಯ ಕಡೆ ಮುಖ ಮಾಡಿದ್ದಳು, ಊಟದ ತಟ್ಟೆ ಪಕ್ಕದಲ್ಲಿತ್ತು. ಹಲಗೆಯ ಮೇಲೆ ಡಬ್ಬಿಯ ಹಸಿರು ದೀಪಗಳು ಮಿಟುಕುತ್ತಿದ್ದವು. ಕರೆಂಟಿದ್ದರೆ ಆ ದೀಪಗಳು ಹೇಗೂ ಮಿಟುಕುತ್ತವೆ, ವೈರಿನ ಆ ತುದಿ ಕೊಡೆಯ ಪಕ್ಕದಲ್ಲಿ ನೇತಾಡುತ್ತಿದ್ದರೂ ಮಿಟುಕುತ್ತವೆ. ಇದು ಇಂಜಿನಿಯರಿಗೆ ಗೊತ್ತಿರಲಿಲ್ಲ. ವಿಶ್ರಾಂತಿ ತೆಗೆದುಕೊಳ್ಳಲಿ ಎಂದು ಬಾಗಿಲು ತೆರೆಯದೆ ವಾಪಸ್ ಬಂದ.

ಎರಡು ಗಂಟೆಗೆ ತಂಡ ಬಂತು. ಸಿಬ್ಬಂದಿಯೆಲ್ಲ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಕೆಳಗಿನ ಹಜಾರದಲ್ಲಿ ಸಾಲಾಗಿ ನಿಂತಿದ್ದರು. ಮೂರನೇ ಮಹಡಿಯಲ್ಲಿ ಪರದೆ ನೋಡಿಕೊಳ್ಳಲು ಒಬ್ಬಳು ಹೊಸ ನರ್ಸನ್ನು ಬಿಟ್ಟಿದ್ದರು. ಅವಳು ಕಣ್ಣು ಮಿಟುಕಿಸದೆ ಪರದೆ ನೋಡಿಕೊಂಡಳು. ಪರದೆಯಲ್ಲಿ ಕೊನೆಯ ಕೋಣೆಯ ಚೌಕ ಬೂದಿ ಬಣ್ಣಕ್ಕೆ ತಿರುಗಿತ್ತು, ಆದರೆ ವಾರದಿಂದ ಯಾವ ಚೌಕ ಯಾವ ಬಣ್ಣಕ್ಕೆ ತಿರುಗಿದರೂ ಯಾರಿಗೂ ನಂಬಿಕೆಯಿರಲಿಲ್ಲ. ತಂಡದ ಮುಖ್ಯಸ್ಥರು ಬೀರು ತೆರೆಸಿ, ವೈರುಗಳಿಗೆ ಅಂಟಿಸಿದ್ದ ಹೆಸರುಗಳನ್ನು ಒಂದೊಂದಾಗಿ ಓದಿ, “ಇಷ್ಟು ಶಿಸ್ತು ನಾನು ಎಲ್ಲೂ ನೋಡಿಲ್ಲ” ಎಂದರು. ನೇತುಹಾಕಿದ್ದನ್ನೂ ಓದಿದರು. “ಯಾರದೂ ಅಲ್ಲ. ವೆರಿ ಗುಡ್. ಬೇಡದ್ದನ್ನ ಬೇಡ ಅಂತ ಬರೆಯೋಕೂ ಧೈರ್ಯ ಬೇಕು.” ಎಲ್ಲರೂ ಚಪ್ಪಾಳೆ ತಟ್ಟಿದರು.

ನಾಲ್ಕು ಗಂಟೆಗೆ, ಕಸ ಗುಡಿಸುವ ಹೆಂಗಸು ಮೆಟ್ಟಿಲ ಮೇಲಿಂದ ಕೂಗಿದಳು.

ಆ ದಿನದ ಕೂಗುಗಳಲ್ಲೆಲ್ಲ ಅದೇ ದೊಡ್ಡದು. ದೊಡ್ಡ ಡಾಕ್ಟರು ಹುಬ್ಬು ಗಂಟಿಕ್ಕಿದರು. ಉಗ್ರಾಣಿ ಜೇಬಿನ ಸ್ಕ್ರೂಡ್ರೈವರ್ ಮುಟ್ಟಿ ನೋಡಿಕೊಂಡು ಮೆಟ್ಟಿಲು ಹತ್ತಿದ.

ಅಕ್ಕ ಹಾಸಿಗೆಗೂ ಬಚ್ಚಲ ಬಾಗಿಲಿಗೂ ನಡುವೆ ನೆಲದ ಮೇಲೆ ಬಿದ್ದಿದ್ದಳು. ಒಂದು ಕಾಲು ಕಾಲಿನಂತಿರಲಿಲ್ಲ. ಸೀರೆ ಒದ್ದೆಯಾಗಿತ್ತು, ಅದನ್ನು ಮುಚ್ಚಿಕೊಳ್ಳಲು ಹಾಸಿಗೆಯ ಹೊದಿಕೆಯನ್ನು ಎಳೆದುಕೊಂಡಿದ್ದಳು. ಆಪರೇಷನ್ ಕೋಣೆಯ ಹಸಿರು ಬಟ್ಟೆ ತೊಟ್ಟವರು ಸುತ್ತ ಗುಂಪುಗೂಡಿ ಅವಳನ್ನು ಎತ್ತಿ ಗಾಲಿಮಂಚಕ್ಕೆ ಹಾಕಿದರು. ಆಗಲೂ ಅವಳು ಕೂಗಲಿಲ್ಲ. ತಮ್ಮನ ಮುಖ ಕಂಡ ಮೇಲೆ ತುಟಿ ಅಲುಗಿಸಿದಳು.

“ಅಕ್ಕಾ, ಬೆಲ್ ಒತ್ತಬಾರದಿತ್ತಾ?”

“ಒತ್ತಿದೆನೋ. ಬರಲಿಲ್ಲ. ನೀನು ವೈರ್ ಕಿತ್ತಿರಬೇಕು ಅನ್ಕೊಂಡೆ.”

“ಕೂಗೋದಲ್ವಾ?”

“ಕೂಗಿದ್ರೆ ನಿನ್ನ ಮಾನ ಹೋಗುತ್ತೆ ಅಂದಿದ್ಯಲ್ಲೋ.” ಅವಳು ಉಸಿರು ತೆಗೆದುಕೊಂಡಳು. “ನಾನೊಬ್ಬಳಾದ್ರೂ ಸುಮ್ಮನಿರೋಣ ಅಂತ.”

ಗಾಲಿಮಂಚ ಹೋಯಿತು. ಉಗ್ರಾಣಿ ಕೆಳಗೆ ಓಡಿ, ಬೀರು ತೆರೆದು, ‘ಯಾರದೂ ಅಲ್ಲ’ ಎಂಬ ವೈರನ್ನು ಅದರ ಜಾಗಕ್ಕೆ ಚುಚ್ಚಿದ. ಮೂರನೇ ಮಹಡಿಯಲ್ಲಿ ನರ್ಸಿನ ಮೇಜಿನ ಮೇಲೆ ಗಂಟೆ ಬಾರಿಸಿತು. ಮತ್ತೆ ಬಾರಿಸಿತು. ಬೆಲ್ಲಿನ ಯಂತ್ರ ಮಧ್ಯಾಹ್ನದಿಂದ ಹೊರಗೆ ಹೋಗಲಾರದೆ ಕೂಡಿಟ್ಟಿದ್ದ ಕರೆಗಳನ್ನೆಲ್ಲ ಒಟ್ಟಿಗೆ ಬಿಟ್ಟಿತ್ತು. ಒಂದು ಗಂಟೆ ಐದು ನಿಮಿಷಕ್ಕೆ ಒಂದು, ಒಂದು ಹನ್ನೆರಡಕ್ಕೆ ಒಂದು, ಹೀಗೆ ಎರಡು ಗಂಟೆ ಹತ್ತು ನಿಮಿಷದವರೆಗೆ ಹದಿನೇಳು. ಆ ಹೊತ್ತಿಗೆ ಕೆಳಗಿನ ಹಜಾರದಲ್ಲಿ ಚಪ್ಪಾಳೆ ನಡೆದಿತ್ತು. ಹೊಸ ನರ್ಸು ಪರದೆಯ ಮುಂದೆ ಅಳುತ್ತ ಕೂತಳು. ಕೆಳಗೆ ಔಷಧಿ ಅಂಗಡಿಯ ಕಂಪ್ಯೂಟರು ಮತ್ತೆ ನಿದ್ದೆ ಹೋಯಿತು.

ಮರುದಿನ ಕಂಪನಿಯವನು ಬಂದು ಕೊನೆಯ ಕೋಣೆಯ ಡಬ್ಬಿಯ ನಂಬರು ಬದಲಾಯಿಸಿದ. ನಾಲ್ಕೇ ನಿಮಿಷ ಹಿಡಿಯಿತು. “ಎರಡು ಇದೆಯಾ ಅಂತ ಕೇಳಿದ್ನಲ್ಲ ಸಾರ್” ಎಂದ, ಬೇಸರವಿಲ್ಲದೆ. ಮೂರನೇ ದಿನ ಬೆಳಿಗ್ಗೆ ಅಕ್ಕ ತೀರಿಕೊಂಡಳು. ಸೊಂಟದ ಮೂಳೆಗೆ ಆಪರೇಷನ್ ಆಗಿತ್ತು, ಎದೆ ತಡೆಯಲಿಲ್ಲ.

ವಾರದ ಮೇಲೆ ಉಗ್ರಾಣಿ ಕೆಲಸಕ್ಕೆ ಬಂದಾಗ ವಿಚಾರಣೆಯೂ ಮುಗಿದಿತ್ತು. ಒಂದೂವರೆ ಪುಟದ ವರದಿಯ ಕೊನೆಯ ಸಾಲು ಹೀಗಿತ್ತು: ‘ಸದರಿ ದಿನ ಸದರಿ ಕೋಣೆಯಿಂದ ಯಾವುದೇ ದೂರು ಬಂದಿರುವುದಿಲ್ಲ.’ ಅವನು ಅದನ್ನು ಹಿಡಿದುಕೊಂಡು ದೊಡ್ಡ ಡಾಕ್ಟರ ಕೋಣೆಗೆ ಹೋದ.

“ಸಾರ್, ವೈರ್ ಕಿತ್ತಿದ್ದು ನಾನು. ಇದರಲ್ಲಿ ನನ್ನ ಹೆಸರೇ ಇಲ್ಲ.”

“ಕೂತ್ಕೊಳ್ಳಿ” ಎಂದರು ದೊಡ್ಡ ಡಾಕ್ಟರು, ಹಿಂದೆಂದೂ ಕೇಳದ ಮೆದು ದನಿಯಲ್ಲಿ. “ನಿಮ್ಮಿಂದ ತಪಾಸಣೆ ಪಾಸಾಗಿದೆ. ಆದದ್ದು ಆಯ್ತು.”

“ಒಂದು ಸಲ ಬೈರಿ ಸಾರ್.”

“ಛೇ, ಎಂಥ ಮಾತು! ಇಂಥ ದುಃಖದಲ್ಲಿ ಬೈತಾರೇನ್ರೀ? ಮನೆಗೆ ಹೋಗಿ ಮಲಗಿ.”

ಉಗ್ರಾಣಿ ಹಿರಿಯ ನರ್ಸಿನ ಹತ್ತಿರ ಹೋದ. ಅವರು ಕಣ್ಣೊರೆಸಿಕೊಂಡು, “ಬಂಗಾರದಂಥವರು” ಎಂದರು. ಲ್ಯಾಬಿನವಳು ಕುರ್ಚಿ ಸರಿಸಿ ಕೊಟ್ಟಳು. ಔಷಧಿ ಅಂಗಡಿಯವನು ಮಾತ್ರೆಯ ಇನ್ನೊಂದು ಪಟ್ಟಿ ಕೊಟ್ಟ. ಫ್ಯಾನಿಗೆ ಕೂಗುವ, ಬಿಲ್ಲಿಗೆ ಕೂಗುವ, ಅರ್ಧ ನಿಮಿಷ ತಡವಾದರೆ ಛಾವಣಿ ಹಾರಿಸುವ ಜನ, ಇದಕ್ಕೆ ಮಾತ್ರ ಒಬ್ಬರೂ ದನಿಯೆತ್ತಲು ಒಪ್ಪಲಿಲ್ಲ. ಸಿಟ್ಟು ಅವರಿಗೆಲ್ಲ ಖರ್ಚಾಗಿ ಹೋಗಿದ್ದಿರಬೇಕು.

ಉಗ್ರಾಣಿ ಮೆಟ್ಟಿಲ ಕೆಳಗಿನ ಬೀರು ತೆರೆದ. ಬೆಲ್ಲಿನ ವೈರುಗಳನ್ನು ಒಂದೊಂದಾಗಿ ಓದಿ ಪಕ್ಕಕ್ಕೆ ಸರಿಸಿಟ್ಟ. ಅವುಗಳನ್ನು ಮುಟ್ಟಲಿಲ್ಲ. ‘ಔಷಧಿ’ಯನ್ನು ಕಿತ್ತ. ‘ದೊಡ್ಡ ಡಾಕ್ಟರು’ ಕಿತ್ತ.

“ಯಾವನ್ರೀ ಅವನು!” ದೊಡ್ಡ ಡಾಕ್ಟರು ಕೋಣೆಯಿಂದ ಹಾರಿಬಂದರು. ಔಷಧಿ ಅಂಗಡಿಯವನು ಕೌಂಟರ್ ದಾಟಿ ಬಂದ. ಅವರ ಹಿಂದೆ ಗಿರಾಕಿಗಳು ಬಂದರು. ತಲೆ ಕೆಟ್ಟಿದೆಯಾ, ಬುದ್ಧಿ ಇದೆಯಾ, ಯಾರು ಹೇಳಿದ್ದು ನಿನಗೆ ಮುಟ್ಟೋಕೆ, ಮನುಷ್ಯನಾ ನೀನು ಎಂದು ಬೈಗುಳದ ಸುರಿಮಳೆಯಾಯಿತು. ಉಗ್ರಾಣಿ ಎರಡು ವೈರು ಎರಡು ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ಒಂದು ಮಾತೂ ತಪ್ಪದಂತೆ ಎಲ್ಲವನ್ನೂ ಕೇಳಿಸಿಕೊಂಡ.

ಕೊನೆಗೆ ಎಲ್ಲರೂ ಕೂಗಿ ಸುಸ್ತಾಗಿ ಸುಮ್ಮನಾದರು. ಉಗ್ರಾಣಿ ಮೂರನೇ ಮಹಡಿಯ ಕಡೆಗೆ ಕಿವಿ ಕೊಟ್ಟು ಇನ್ನೂ ಸ್ವಲ್ಪ ಹೊತ್ತು ಕಾದ.